ನಲವತ್ತೆಂಟು ಡಿಗ್ರಿಯ ಜೇಬು

ಡಿಗ್ರಿ ಮಾವ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೂ ಆ ಶೀತಲ ಗೋದಾಮಿನಲ್ಲಿ ಅವರಷ್ಟು ಡಿಗ್ರಿ ಕಂಡವರು ಇನ್ನೊಬ್ಬರಿಲ್ಲ. ಬೆಣ್ಣೆಯ ಕೋಣೆಗೆ ಎಷ್ಟಿರಬೇಕು, ಮೀನಿನ ಕೋಣೆಗೆ ಎಷ್ಟು, ಬಾಗಿಲು ತೆರೆದಿಟ್ಟು ಇಬ್ಬರು ಹರಟೆಗೆ ನಿಂತರೆ ನಿಮಿಷಕ್ಕೆ ಎಷ್ಟು ಏರುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲಿ. ಇಪ್ಪತ್ತೆರಡು ವರ್ಷ ಆ ತಂಪಿನಲ್ಲೇ ಕೆಲಸ ಮಾಡಿ ಮೈಗೆ ಚಳಿ ಹೊಕ್ಕುಬಿಟ್ಟಿತ್ತು. ಸುಡುಬಿಸಿಲಿನಲ್ಲೂ ಹೆಂಡತಿ ಹೆಣೆದ ಕಂದು ಸ್ವೆಟರು ಬಿಚ್ಚುತ್ತಿರಲಿಲ್ಲ.

ಮನೆಯ ಫ್ರಿಜ್ಜಿನಲ್ಲೂ ಅವರದೇ ದರ್ಬಾರು. ಹಸಿ ಮಾಂಸ ಕೆಳಗೆ, ಬೇಯಿಸಿದ್ದು ಮೇಲೆ. ಹಾಲನ್ನು ಬಾಗಿಲಿನ ಖಾನೆಯಲ್ಲಿ ಇಡಕೂಡದು.

"ಐದು ಡಿಗ್ರಿ ಮೇಲೆ, ಅರವತ್ತರ ಕೆಳಗೆ, ಅದೇ ಅಪಾಯದ ಜಾಗ ಕಣೇ. ಕ್ರಿಮಿಗಳು ಸಂಸಾರ ಹೂಡೋದೇ ಅಲ್ಲಿ."

"ಗಂಡಸರ ವಯಸ್ಸಿಗೂ ಅದೇ ಲೆಕ್ಕ ಕಣ್ರೀ," ಎನ್ನುವಳು ಹೆಂಡತಿ. ಒಮ್ಮೆ ತಟ್ಟೆಗೆ ಬಡಿಸಿದ ಸಾರಿಗೂ ಮಾವ ಥರ್ಮಾಮೀಟರಿನ ಕಡ್ಡಿ ಅದ್ದಿದಾಗ, ಆಕೆ ಅದನ್ನು ಕಸಿದು ಅವರ ಬಾಯಿಗೇ ತುರುಕಿ, "ತಲೆ ನೆಟ್ಟಗಿದೆಯಾ ನೋಡ್ತೀನಿ ಇರಿ," ಎಂದಿದ್ದಳು.

ಈ ಹೆಂಡತಿಗೆ ಒಬ್ಬ ತಮ್ಮ. ಮೂವತ್ತೈದು ದಾಟಿದವನು. ಟ್ಯಾಕ್ಸಿ, ಶಾಲೆಯ ಬಸ್ಸು, ಗ್ಯಾಸ್ ಸಿಲಿಂಡರಿನ ಗಾಡಿ, ಎಲ್ಲವನ್ನೂ ಓಡಿಸಿ ಎಲ್ಲ ಕಡೆಯಿಂದಲೂ ಓಡಿಸಿಕೊಂಡವನು. ಅಕ್ಕನ ಕಣ್ಣೀರಿಗೆ ಮಾವ ಕರಗಿದರು. ಅವರ ವೃತ್ತಿಯಲ್ಲಿ ಕರಗುವುದು ಮಹಾಪರಾಧ, ಆದರೂ ಕರಗಿ, ಅವನನ್ನು ಗೋದಾಮಿನ ಶೀತಲ ಲಾರಿಗೆ ಡ್ರೈವರಾಗಿ ಸೇರಿಸಿದರು. ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಮೊದಲ ಲೋಡು ವಾಪಸ್ ಬಂದ್ರೆ ಅವನೂ ವಾಪಸ್."

ಮೊದಲ ಲೋಡು, ಐದು ಗಂಟೆ ದೂರದ ಆಸ್ಪತ್ರೆಯ ಅಡುಗೆಮನೆಗೆ ಎರಡು ಸಾವಿರದ ನಾನೂರು ಬಾಟಲಿ ಹಾಲು. ಭಾಮೈದ ಏನಾದರೂ ಎಡವಟ್ಟು ಮಾಡಿಯಾನೆಂದು ಮಾವ ತಾವೇ ಜೊತೆಗೆ ಹೊರಟರು. ಬೆಳಿಗ್ಗೆ ಖಾಲಿ ಲಾರಿಯನ್ನು ಒಂದು ಗಂಟೆ ಮೊದಲೇ ತಣ್ಣಗೆ ಮಾಡಿಸಿ ಪಾಠ ಶುರು ಹಚ್ಚಿಕೊಂಡರು.

"ನೋಡಪ್ಪಾ, ಲಾರಿ ಇರೋದು ತಣ್ಣಗಿರೋದನ್ನ ತಣ್ಣಗೇ ಇಡೋಕೆ. ಬಿಸಿಯಾಗಿರೋದನ್ನ ತಣ್ಣಗೆ ಮಾಡೋ ತಾಕತ್ತು ಅದಕ್ಕಿಲ್ಲ."

"ಅಕ್ಕ ಬಿಸಿಯಾದಾಗ ನಿಮ್ಮ ಕಥೆಯೂ ಅದೇ ಅಲ್ವಾ ಭಾವ."

"ಬಾಯಿ ಮುಚ್ಚಿಕೊಂಡು ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡು. ತಣ್ಣನೆ ಗಾಳಿ ಓಡಾಡಬೇಕು."

ಪೆಟ್ಟಿಗೆಗಳ ನಡುವೆ ರೆಕಾರ್ಡರ್ ಎಂಬ ಒಂದು ಪುಟ್ಟ ಡಬ್ಬಿಯನ್ನೂ ಇಡಬೇಕಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಐದೈದು ನಿಮಿಷಕ್ಕೊಮ್ಮೆ ಸುತ್ತಲಿನ ಶಾಖವನ್ನು ಗುಟ್ಟಾಗಿ ಬರೆದುಕೊಂಡು, ಆ ತುದಿಯಲ್ಲಿ ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಎಲ್ಲವನ್ನೂ ಒದರುವ ಯಂತ್ರ. ಲೋಡು ಹೊರುವವರು ಅದನ್ನು 'ಗೂಢಚಾರ' ಎನ್ನುತ್ತಿದ್ದರು. ಮಾವ ಅದರ ಗುಂಡಿ ಒತ್ತಿದರು. ಹಸಿರು ದೀಪ ಮಿನುಗಿತು. ಅಷ್ಟರಲ್ಲಿ ಭಾಮೈದ ಒಂದು ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದ್ದು ಕಣ್ಣಿಗೆ ಬಿತ್ತು. "ಏಯ್, ಗೇಣು! ಗೇಣು ಅಂದ್ನಲ್ಲ!" ಎಂದು ಕೂಗುತ್ತ, ಗೇಣು ಅಳೆದು ತೋರಿಸಲು ಕೈ ಖಾಲಿ ಬೇಕಾಯಿತೆಂದು ಗೂಢಚಾರನನ್ನು ಸ್ವೆಟರಿನ ಜೇಬಿಗೆ ಇಳಿಬಿಟ್ಟರು. ಗೇಣು ಸರಿಯಾಯಿತು. ಬಾಗಿಲು ಮುಚ್ಚಿತು. ಸೀಲು ಬಿತ್ತು. ಗೂಢಚಾರ ಜೇಬಿನಲ್ಲೇ ಬೆಚ್ಚಗೆ ಉಳಿದ.

ಆಸ್ಪತ್ರೆಯಲ್ಲಿ ಮಾಲು ಇಳಿಸಿಕೊಳ್ಳುವ ಅಧಿಕಾರಿ ಒಬ್ಬ ಹೆಂಗಸು. ಮುಖದ ಉಷ್ಣಾಂಶ ಯಾವಾಗಲೂ ಎರಡರಿಂದ ನಾಲ್ಕರೊಳಗೆ. ಆಕೆ ಸೀಲು ಕತ್ತರಿಸಿ, ಹತ್ತು ಪೆಟ್ಟಿಗೆಗಳಿಗೆ ಕಡ್ಡಿ ಚುಚ್ಚಿ ನೋಡಿದಳು. ಎಲ್ಲ ಮೂರು ಡಿಗ್ರಿ. ಲಾರಿಯ ಯಂತ್ರ ದಾರಿಯುದ್ದಕ್ಕೂ ಅಚ್ಚು ಹಾಕಿದ ಚೀಟಿಯೂ ಮೂರು ಎಂದೇ ಹೇಳಿತು.

"ರೆಕಾರ್ಡರ್ ಎಲ್ಲಿ?"

ಮಾವ ಪೆಟ್ಟಿಗೆಗಳ ಸಂದಿಯಲ್ಲಿ ತಡಕಾಡಿದರು. ಆಮೇಲೆ ಚಳಿಗೆ ಕೈಯನ್ನು ಜೇಬಿಗೆ ಹಾಕಿದರು. ಹಾಕಿದ ಕೈ ಹೊರಗೆ ಬರಲೊಲ್ಲದು.

ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೂಡಿತು. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಥಟ್ಟನೆ ನಲವತ್ತೆಂಟು.

"ಮೇಡಂ, ಅದು ಹಾಲಿನ ಬಿಸಿಯಲ್ಲ," ಎಂದರು ಮಾವ, ಬೆವರುತ್ತ. "ನನ್ನ ಬಿಸಿ."

"ಮೂವತ್ತಾರು ನಿಮ್ಮದೇ ಇರಬಹುದು. ನಲವತ್ತೆಂಟು? ಮೈ ಅಷ್ಟು ಬಿಸಿಯಾದ ಮನುಷ್ಯ ಇಲ್ಲಿ ನಿಂತು ಸಾಕ್ಷಿ ಹೇಳ್ತಿರಲಿಲ್ಲ. ನೋಡಿ, ಲಾರಿ ಚೀಟಿ ಒಂದು ಹೇಳುತ್ತೆ, ಇದೊಂದು ಹೇಳುತ್ತೆ. ಇದು ಯಾಕೆ ಹೀಗೆ ಅಂತ ಗೊತ್ತಾಗದಿದ್ರೆ ಅಷ್ಟೂ ಹಾಲು ಚರಂಡಿಗೆ. ಒಳಗೆ ಹೊಟ್ಟೆ ಕೊಯ್ಸಿಕೊಂಡವರು ಮಲಗಿದಾರೆ. ಅವರಿಗೆ ನಂಬಿಕೆ ಮೇಲೆ ಹಾಲು ಕುಡಿಸೋಕಾಗಲ್ಲ."

ಮಾವ ತಲೆಯಾಡಿಸಿದರು. ಅವರೇ ಆ ಕುರ್ಚಿಯಲ್ಲಿ ಕೂತಿದ್ದರೆ ಅಕ್ಷರಶಃ ಅದೇ ಮಾತು ಹೇಳುತ್ತಿದ್ದರು. ಪಕ್ಕದಲ್ಲಿ ಭಾಮೈದ ಲಾರಿಯ ಕೀಲಿಯನ್ನು ಆಗಲೇ ಬಿಟ್ಟುಕೊಡುವವನಂತೆ ಅಂಗೈಯಲ್ಲಿ ಹಿಡಿದು ನಿಂತಿದ್ದ.

ಅಷ್ಟರಲ್ಲಿ ಮಾವನ ಫೋನು ಹೊಡೆದುಕೊಂಡಿತು. ಹಳೆಯ ಫೋನು; ಕಿವಿಗೆ ಕೇಳಿಸುವುದು ಕೆಟ್ಟು, ಏನು ಬಂದರೂ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವಂತೆ ಬರುತ್ತಿತ್ತು.

"ಏನ್ರೀ, ನನ್ನ ತಮ್ಮನ ಲೋಡು ಇಳೀತಾ?"

"ಆಮೇಲೆ ಮಾಡ್ತೀನಿ ಕಣೇ..."

"ಯಾಕ್ರೀ ದನಿ ಹಾಗಿದೆ? ಫೋನ್ ಇಟ್ಟೀರಿ, ಹುಷಾರ್!"

ಅಧಿಕಾರಿಯ ಪೆನ್ನು 'ತಿರಸ್ಕೃತ' ಎಂಬ ಚೌಕದ ಮೇಲೆ ಬಂದು ನಿಂತಿತು. "ಕೊನೇ ಸಲ ಕೇಳ್ತಿದೀನಿ. ಹನ್ನೊಂದೂ ಹತ್ತಕ್ಕೆ ಏನಾಯ್ತು?"

ಮಾವ ಫೋನನ್ನು ನೋಡಿದರು. ಕೀಲಿ ಹಿಡಿದ ಭಾಮೈದನನ್ನು ನೋಡಿದರು. ಕಣ್ಣು ಮುಚ್ಚಿಕೊಂಡರು.

"ಬನ್ನು," ಎಂದರು.

"ಏನು?"

"ಜಾಮ್ ಬನ್ನು ಮೇಡಂ. ಪೆಟ್ರೋಲ್ ಬಂಕಿನ ಪಕ್ಕ ಬೇಕರಿ. ಆಗ ತಾನೇ ಒಲೆಯಿಂದ ತೆಗೆದಿದ್ರು. ಇವನಿಗೆ ಕಾಣದೇ ಇರ್ಲಿ ಅಂತ ಜೇಬಿಗೆ ಹಾಕ್ಕೊಂಡೆ."

"ಭಾವ! ಒಂದಕ್ಕೆ ಹೋಗ್ತೀನಿ ಅಂದ್ರಿ!"

"ಅದಕ್ಕೂ ಹೋದೆ ಕಣೋ."

ಅಧಿಕಾರಿ ಪರದೆಯ ಮೇಲೆ ಬೆರಳಿಟ್ಟಳು. "ಹತ್ತು ನಿಮಿಷ ಆದ್ಮೇಲೆ ಇಲ್ಲಿ ಮತ್ತೆ ನಲವತ್ತಾರಕ್ಕೆ ಹೋಗಿದೆ."

"ಡೀಸೆಲ್ ಹಾಕಿಸೋ ಸಾಲು ಉದ್ದ ಇತ್ತು ಮೇಡಂ. ಅದು ಎರಡನೇದು."

"ಎರಡಾ!" ಎಂದು ಫೋನು ಕಿರುಚಿತು. "ಮೇಡಂ, ನೀವ್ಯಾರೋ ಗೊತ್ತಿಲ್ಲ, ಕೇಳಿ. ಇವರಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಂದ ಸಿಹಿ ಮುಟ್ಟಿಲ್ಲ ಅಂತ ಮೊನ್ನೆ ಡಾಕ್ಟ್ರ ಮುಂದೆ ಆಣೆ ಮಾಡಿದಾರೆ!"

"ಆಣೆ ನಮ್ಮಲ್ಲಿ ನಡೆಯಲ್ಲಮ್ಮ, ಪುರಾವೆ ಬೇಕು," ಎಂದ ಅಧಿಕಾರಿ ಕೈಗವಸು ತೊಟ್ಟು ಸ್ವೆಟರಿನ ಜೇಬನ್ನು ಒಳಹೊರಗು ಮಾಡಿದಳು. ಬನ್ನಿನ ಪುಡಿ ಉದುರಿತು. ಗೂಢಚಾರನ ಬೆನ್ನಿಗೆ ಕೆಂಪಗೆ ಏನೋ ಅಂಟಿತ್ತು. ಮೂಸಿದಳು.

"ಸ್ಟ್ರಾಬೆರಿ."

"ಅಯ್ಯೋ ನನ್ನ ಕರ್ಮವೇ," ಎಂದಿತು ಫೋನು.

ಆದರೂ ಆಕೆ ಸುಮ್ಮನೆ ಒಪ್ಪಲಿಲ್ಲ. ಇನ್ನೂ ಹತ್ತು ಪೆಟ್ಟಿಗೆ ಇಳಿಸಿ, ಈ ಸಲ ಬಾಗಿಲ ಬಳಿಯದನ್ನು ಬಿಟ್ಟು ನಡುವಿನ, ಅಡಿಯ ಸಾಲುಗಳಿಗೆ ಕಡ್ಡಿ ಚುಚ್ಚಿದಳು. ಅಲ್ಲೂ ಮೂರು. "ಐದು ಗಂಟೆ ಬಿಸಿಯಲ್ಲಿದ್ದ ಹಾಲನ್ನ ನಿಮ್ಮ ಲಾರಿ ಇಷ್ಟು ಬೇಗ ಇಷ್ಟು ತಣ್ಣಗೆ ಮಾಡೋಕೆ ಸಾಧ್ಯವೇ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಬರೆದಳು: 'ಸ್ವೀಕೃತ. ರೆಕಾರ್ಡರ್ ಹಾಲಿನ ಜೊತೆ ಬಾರದೆ ಬನ್ನಿನ ಜೊತೆ ಬಂದಿದೆ. ಇನ್ನೊಮ್ಮೆ ಹೀಗಾದರೆ ಯಾವ ವಿವರಣೆಯನ್ನೂ ಕೇಳಲಾಗುವುದಿಲ್ಲ.' ಭಾಮೈದ ಕೀಲಿಯನ್ನು ಜೇಬಿಗಿಳಿಸಿ, ಭಾವನನ್ನು ಅಪ್ಪಿಕೊಳ್ಳಲು ಹೋಗಿ, ಜಾಮು ನೋಡಿ ಹಿಂದೆ ಸರಿದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ತಮ್ಮನ ಕೆಲಸ ಉಳಿಸಿದ್ರಿ, ಅದಕ್ಕೆ ಬೈಯಲ್ಲ. ಬನ್ನು ತಿಂದ್ರಿ, ಅದಕ್ಕೆ ಬಿಡಲ್ಲ. ಬಿಚ್ಚಿ ಸ್ವೆಟರು." ಆ ರಾತ್ರಿಯೇ ಎರಡೂ ಜೇಬುಗಳ ಬಾಯಿಗೆ ದಪ್ಪ ದಾರದ ಹೊಲಿಗೆ ಬಿತ್ತು.

ಭಾಮೈದನ ಕೆಲಸ ಕಾಯಂ ಆಯಿತು. ಅವನೂ ಈಗ ಪಕ್ಕಾ. ಲಾರಿ ತಣ್ಣಗಾಯಿತೆ, ಗೇಣು ಬಿಟ್ಟಿದೆಯೆ, ಗೂಢಚಾರ ಪೆಟ್ಟಿಗೆಗಳ ನಡುವೆ ಕೂತನೆ, ಎಲ್ಲ ನೋಡುತ್ತಾನೆ. ಸೀಲು ಒತ್ತುವ ಮುಂಚೆ ಹಿಂದಕ್ಕೆ ತಿರುಗಿ, "ಭಾವ, ಕೈ ಮೇಲೆ," ಎನ್ನುತ್ತಾನೆ. ಇಪ್ಪತ್ತೆರಡು ವರ್ಷದ ಅನುಭವ ಎರಡೂ ಕೈ ಎತ್ತಿ ನಿಲ್ಲುತ್ತದೆ.