ಎಲೆತೋಟದ ಬಾವಿ ಮತ್ತು ನಮ್ಮ ನಕಾಶೆ

ಅಂತರ್ಜಲದ ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ನಾನೂ ನನ್ನ ಗೆಳತಿಯೂ ಹಾನಗಲ್, ಹಿರೇಕೆರೂರು, ಶಿಗ್ಗಾಂವ, ಸವಣೂರು ಎಂದು ಸ್ಕೂಟರಿನ ಮೇಲೆ ತಿರುಗಿ ಬಾವಿಗಳ ನೀರು ಅಳೆಯುತ್ತಿದ್ದೆವು. ಸ್ಕೂಟರ್ ಅವಳದು, ಟೇಪು ಹಿಡಿದು ಹಿಂದೆ ಕೂರುವವಳು ನಾನು. ಅವಳು ಸವಣೂರಿನವಳು. ಆ ಕಡೆ ಹೋದ ದಿನ ಅವಳ ಮನೆಯಲ್ಲೇ ಊಟ, ಮೇಲೊಂದು ಮುಷ್ಟಿ ಕುರುಕಲು ಖಾರಾ. ಅವಳ ಅವ್ವ ಸಾಕೆಂದರೂ ಬಿಡುತ್ತಿರಲಿಲ್ಲ.

ಇರುವ ಬಾವಿಗಳನ್ನೆಲ್ಲ ಅಳೆಯಲಾಗದು. ಅಳೆದವುಗಳಿಂದ ಅಳೆಯದ ಜಾಗದ ನೀರನ್ನು ಅಂದಾಜಿಸುವುದೇ ನಮ್ಮ ಕೆಲಸ. ಹತ್ತಿರದ ಬಾವಿಗಳು ಒಂದನ್ನೊಂದು ಹೋಲುತ್ತವೆ, ದೂರವಾದಂತೆ ಹೋಲಿಕೆ ಕರಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಕರಗುತ್ತದೆಂದು ಲೆಕ್ಕ ಹಾಕಿ, ಹತ್ತಿರದ ಬಾವಿಯ ಅಂಕಿಗೆ ಹೆಚ್ಚು ತೂಕ ಕೊಡುತ್ತಿದ್ದೆವು.

ಸವಣೂರಿನ ವೀಳ್ಯದ ಎಲೆತೋಟವೊಂದರ ಬಾವಿ ಮಾತ್ರ ಈ ಲೆಕ್ಕಕ್ಕೆ ಕೂಡಲಿಲ್ಲ. ಸುತ್ತಲಿನ ಬಾವಿಗಳಲ್ಲಿ ನೀರು ತಳ ಸೇರಿದ್ದರೆ ಇದರಲ್ಲಿ ಕೈಗೆಟುಕುವಷ್ಟು ಮೇಲಿತ್ತು. ನಕಾಶೆಯಲ್ಲಿ ಅಲ್ಲೊಂದು ಗುಳ್ಳೆ ಎದ್ದಂತೆ ಕಾಣುತ್ತಿತ್ತು.

"ಅಳತಿ ತಪ್ಪಿರಬೇಕು. ಅದನ್ನ ತೆಗೆದ್ಬಿಡ್ರಿ," ಎಂದರು ನಮ್ಮ ಮಾರ್ಗದರ್ಶಕರು.

ನಾನು ತಲೆಯಾಡಿಸಿದೆ. ಗೆಳತಿ ಒಪ್ಪಲಿಲ್ಲ. "ಇನ್ನೊಮ್ಮೆ ನೋಡಿ ಬರ್ತೇವ್ರಿ ಸರ್."

ಮರುದಿನ ನಮ್ಮನ್ನು ಕಂಡು ತೋಟದ ಯಜಮಾನಿತಿ ನಕ್ಕರು. "ಮತ್ತ ಬಂದ್ರೇನವಾ? ನಮ್ಮ ಬಾವಿ ಎಲ್ಲಿ ಓಡಿ ಹೋಗತೈತಿ?"

ಅಳತೆ ಮೊದಲಿನಷ್ಟೇ ಬಂತು. ಗೆಳತಿ ಬಾವಿಯೊಳಗೆ ಬಗ್ಗಿ ನೋಡಿದಳು. ಒಂದು ಮಗ್ಗುಲಿನ ಕಲ್ಲುಸಂದಿಯಿಂದ ನೀರು ಜಿನುಗುತ್ತಿತ್ತು. ಆ ಮಗ್ಗುಲಿಗೇ ಕೆರೆ.

"ನೋಡಿಲ್ಲೆ! ಕೆರಿ ನೀರು ಬರಾಕತ್ತೈತಿ!" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು.

ಕೆರೆಯಂಚಿನ ಉಳಿದ ಬಾವಿಗಳನ್ನೂ ಹುಡುಕಿ ಅಳೆದೆವು. ಎಲ್ಲದರಲ್ಲೂ ನೀರು ಮೇಲೆಯೇ. ಅವುಗಳದ್ದೇ ಬೇರೆ ಗುಂಪು ಮಾಡಿ ಲೆಕ್ಕ ಹಾಕಿದಾಗ ನಕಾಶೆ ಕೂಡಿಬಂತು.

"ಛಲೋ ಆತು, ನನ್ನ ಮಾತು ಕೇಳಲಿಲ್ಲ ನೀವು," ಎಂದು ಮಾರ್ಗದರ್ಶಕರು ನಮಗೆ ಚಹಾ ಕುಡಿಸಿದರು.

ಈಗ ನನ್ನ ಅಂಕಿಗಳು ಉಪಗ್ರಹದಿಂದ ನೇರ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಹೊಂದದ ಅಂಕಿ ಕಂಡರೆ, ಹಿರೇಕೆರೂರಿನ ಕಾಲೇಜಿನಲ್ಲಿ ಪಾಠ ಹೇಳುವ ಅವಳಿಗೆ ಫೋನ್ ಮಾಡುತ್ತೇನೆ. "ಅಳಿಸಬ್ಯಾಡ. ಅಲ್ಲಿ ಯಾರರ ಇದ್ರ ಕೇಳಿ ನೋಡು," ಅನ್ನುತ್ತಾಳೆ. ಆಮೇಲೆ ಮಾತು ಎಲ್ಲೆಲ್ಲಿಗೋ ಹೊರಳುತ್ತದೆ. ಇಬ್ಬರಿಗೂ ಫೋನಿಡಲು ಮನಸ್ಸಾಗುವುದಿಲ್ಲ.