ಗೋವಿನಜೋಳದ ಕಲ್ಲುಸಾಲು

ತಿಳವಳ್ಳಿ ಹತ್ತಿರದ ನಮ್ಮ ಸಣ್ಣ ಊರಿಗೆ ಹೊಸ ಡಾಂಬರು ಬಿದ್ದಾಗ ಎಲ್ಲರಂತೆ ನಾನೂ ಹಿಗ್ಗಿದೆ. ಆದರೆ ನುಣ್ಣಗಿನ ರಸ್ತೆ ಕಂಡದ್ದೇ ತಡ, ಬೈಕು, ಟೆಂಪೊ, ಲಾರಿಗಳಿಗೆಲ್ಲ ಮೈಮೇಲೆ ದೇವರು ಬಂದಂತಾಯಿತು. ಸೈಕಲ್ಲಿನಲ್ಲಿ ತಿಳವಳ್ಳಿಯ ಹೈಸ್ಕೂಲಿಗೆ ಹೊರಟಿದ್ದ ನನ್ನ ಮಗಳಿಗೆ ಊರೊಳಗಿನ ಇಕ್ಕಟ್ಟಿನಲ್ಲೇ ಒಂದು ಟೆಂಪೊ ತಾಗಿತು. ಮೊಣಕೈ ತರಚಿದ್ದಷ್ಟೇ ಪುಣ್ಯ. ನಮ್ಮ ಮನೆಯವರು ಅಂದೇ ಸೈಕಲ್ಲನ್ನು ಅಟ್ಟಕ್ಕೇರಿಸಿದರು.

ಅಲ್ಲಿಂದ ಬಸ್ಸೇ ಗತಿ. ಬಸ್ಸು ತುಂಬಿ ಬಂದರೆ ನಿಲ್ಲಿಸುತ್ತಿರಲಿಲ್ಲ, ಅವಳು ಪಾಟೀಚೀಲ ಹೊತ್ತು ಮನೆಗೆ ಮರಳುತ್ತಿದ್ದಳು. ಹೀಗೇ ನಡೆದರೆ ಹುಡುಗಿ ಶಾಲೆ ಬಿಡುವುದು ಖಂಡಿತ ಎಂದು ನನಗೆ ಚಿಂತೆ ಹತ್ತಿತು.

ಅಷ್ಟರಲ್ಲಿ ಸುಗ್ಗಿ ಬಂತು. ಗೋವಿನಜೋಳ ಒಣಹಾಕುವುದು ನಮ್ಮಲ್ಲಿ ರಸ್ತೆಯ ಮೇಲೇ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಸಾಲಾಗಿಡುತ್ತೇವೆ; ನಮ್ಮ ಮನೆಯ ಮುಂದೆ ಆ ಕಲ್ಲು ಇಟ್ಟವರು ಅತ್ತೆ. ತಪ್ಪೆಂದು ಗೊತ್ತು, ಆದರೂ ಮಾಡುತ್ತೇವೆ. ಕಾಳು ಕೆದರುತ್ತ ಕುಳಿತಿದ್ದಾಗ ಅದೇ ಟೆಂಪೊ ಬಂತು. ಕಲ್ಲು ಕಂಡದ್ದೇ ಮದುಮಗಳ ಮೆರವಣಿಗೆಯ ಹಾಗೆ ನಿಧಾನಕ್ಕೆ ದಾಟಿತು. ನನಗೆ ಮೈಯೆಲ್ಲ ಉರಿಯಿತು. ಕಾಳಿಗಿರುವ ಮರ್ಯಾದೆ ನನ್ನ ಮಗಳಿಗಿಲ್ಲವೇ?

ಕಾಳು ಚೀಲ ಸೇರಿದ ಮೇಲೆ ಕಲ್ಲು ಎತ್ತಲು ನಾನು ಬಿಡಲಿಲ್ಲ. ಓಣಿಯ ಹೆಂಗಸರನ್ನು ಸೇರಿಸಿ ಅವಕ್ಕೆ ಸುಣ್ಣ ಬಳಿದೆ.

"ಕಾಳು ತುಂಬಿದ ಮ್ಯಾಲ ಕಲ್ಲು ಯಾಕ?" ಎಂದರು ಅತ್ತೆ.

"ಈಗ ಅದರೊಳಗ ಮಕ್ಕಳು ಅಡ್ಡಾಡ್ತಾರ್ರಿ."

ಗಾಡಿಯವರ ದೂರು ಹೋಯಿತು, ರಸ್ತೆಯ ಎಂಜಿನಿಯರು ಬಂದರು. "ಅಕ್ಕಾರ, ರಸ್ತಾ ಸಣ್ಣದು ಮಾಡಿಬಿಟ್ರಲ್ರಿ!"

"ಸಣ್ಣದು ಮಾಡಿಲ್ರಿ, ಪಾಲು ಮಾಡೇನಿ."

ಅವರು ನಕ್ಕರು. ಆದರೆ ಶಾಲೆ ಬಿಡುವ ಹೊತ್ತಿನವರೆಗೂ ನಿಂತು, ಗಾಡಿಗಳು ನಿಧಾನಿಸುವುದನ್ನು ನೋಡಿದರು. ಬಿಡಿ ಕಲ್ಲು ರಾತ್ರಿ ಬೈಕಿನವರಿಗೆ ಅಪಾಯವೆಂದು ತೆಗೆಸಿದರು. ನಾನು ಜಗಳಕ್ಕೇ ನಿಂತೆ. ಆದರೆ ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಗೆರೆಯಲ್ಲಿ ಕಾಂಕ್ರೀಟ್ ಅಂಚು ಕಟ್ಟಿಸಿ, ಒಳಗೆ ನಡೆಯುವವರಿಗೂ ಸೈಕಲ್ಲಿಗೂ ದಾರಿ ಮಾಡಿಸಿಕೊಟ್ಟರು. ಊರೆಲ್ಲ ತಿರುಗಿ ಅದನ್ನು ನನ್ನ ರಸ್ತೆ ಎಂದು ಹೇಳಿಕೊಂಡೆ. ಹೇಳಿಕೊಳ್ಳದೆ ಇನ್ನೇನು? ಆದರೂ ಸೈಕಲ್ಲು ಅಟ್ಟದಿಂದ ಇಳಿಯಲಿಲ್ಲ, ಮಗಳು ಬಸ್ಸಿಗೇ ಕಾಯುತ್ತಿದ್ದಳು.

ಮತ್ತೆ ಸುಗ್ಗಿ. ಬೆಳಿಗ್ಗೆ ಬಾಗಿಲು ತೆರೆದರೆ, ಆ ಚೊಕ್ಕ ದಾರಿಗೆ ಗೋವಿನಜೋಳದ ಚೀಲ ತಂದು ನಿಂತವರು ನಮ್ಮ ಅತ್ತೆಯೇ!

"ಅತ್ತಿ, ಅಲ್ಲಿ ಬ್ಯಾಡ್ರಿ. ಮಕ್ಕಳು ಮತ್ತ ರಸ್ತಾಕ್ಕ ಇಳಿಬೇಕಾಗತೈತಿ."

"ಕಲ್ಲಿಟ್ಟಾಕಿ ನಾನು, ಜಾಗ ನಂದಲ್ಲೇನು?"

ಚೀಲದ ಬಾಯಿ ಬಿಚ್ಚಿಯೇಬಿಟ್ಟರು. ಸೊಸೆಯ ಮಾತು ಅವರ ಮುಂದೆ ನಡೆಯುವುದಿಲ್ಲ. ನನಗೆ ಅಳುವೇ ಬಂತು.

ಹಿಂದೆ ಏನೋ ಸದ್ದಾಯಿತು. ನಮ್ಮ ಮನೆಯವರು ಅಟ್ಟದಿಂದ ಸೈಕಲ್ಲು ಇಳಿಸಿ, ಗಾಳಿ ತುಂಬಿ, ಹೊರಗೆ ತರುತ್ತಿದ್ದರು. ಅದನ್ನು ದಾರಿಯ ಮೇಲೆ ಅತ್ತೆಯ ಎದುರಿಗೇ ನಿಲ್ಲಿಸಿದರು. ಮಗಳು ಪಾಟೀಚೀಲ ಹೊತ್ತು ಹಿಂದೆಯೇ ಬಂದಳು.

"ಅವ್ವಾ, ದಾರಿ ಬಿಡು. ಮಗಳು ಸಾಲಿಗೆ ಹೊಂಟಾಳ."

ಅತ್ತೆ ಒಮ್ಮೆ ಮಗನನ್ನು, ಒಮ್ಮೆ ಮೊಮ್ಮಗಳನ್ನು ನೋಡಿದರು. ಚೀಲದ ಬಾಯಿ ಕಟ್ಟಿ ಪಕ್ಕಕ್ಕೆಳೆದರು. ಮಗಳು ಹತ್ತಿ ಹೊರಟೇಬಿಟ್ಟಳು, ತಿರುಗಿಯೂ ನೋಡಲಿಲ್ಲ. ಅವಳು ಕಣ್ಮರೆಯಾಗುವವರೆಗೂ ನಾವು ಮೂವರೂ ಅಲ್ಲೇ ನಿಂತಿದ್ದೆವು.