ಗಂಗಾಂಬಿಕಮ್ಮನ ಬನ್ನಿ

ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಕಲ್ಲೇಶಪ್ಪನವರ ಹೆಂಡತಿ ಗಂಗಾಂಬಿಕಮ್ಮ ಐವತ್ತು ದಾಟಿದ ಮೇಲೆ ಗಿಡಮರ ಕಲಿಯಲು ಹೊರಟವರು. ಯಾಕೆ ಅಂತೀರಾ? ಒಂದು ದಸರಾ ಅವರ ಮಾನ ಕಳೆದಿತ್ತು, ಅದಕ್ಕೆ.

ಆ ವರ್ಷ ಹತ್ತಿರದ ನನ್ನಿವಾಳ ಊರಲ್ಲಿದ್ದ ತಮ್ಮ ಹೊಲದ ಬದುವಿನಿಂದ ಕೈಯಾರೆ ಸೊಪ್ಪು ಮುರಿದು ತಂದು, ಬೀದಿಯ ಮನೆಮನೆಗೂ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗೆ ಇರಾಣ" ಎಂದು ಹಿರಿಯರ ಕಾಲಿಗೆ ಬಿದ್ದಿದ್ದರು. ಮೂಲೆಮನೆಯ ಜಂಬುಲಿಂಗಪ್ಪಜ್ಜ ಕಡ್ಡಿಯನ್ನು ಕಣ್ಣ ಹತ್ತಿರ ಹಿಡಿದವರೇ ನಕ್ಕುಬಿಟ್ಟರು.

"ಗಂಗವ್ವ, ಇದು ಬಳ್ಳಾರಿ ಜಾಲಿ ಕಣವ್ವ! ಬೀದಿಗೆಲ್ಲ ಸೌದೆ ಹಂಚಿಬಿಟ್ಯಲ್ಲ!"

ಬೇರೆಯವರಾಗಿದ್ದರೆ ಮುಖ ಮುಚ್ಚಿಕೊಂಡು ಒಳಗೆ ಕೂರುತ್ತಿದ್ದರು. ಇವರು ಮಾರನೆಯ ಬೆಳಗ್ಗೆಯೇ ಪಕ್ಕದ ಮನೆಯ ಫರ್ಜಾನಾಳ ಬಾಗಿಲು ಬಡಿದರು. ಗಂಡ ಗ್ಯಾರೇಜಿಗೆ ಹೋದ ಮೇಲೆ ಅವಳಿಗೂ ಬಿಡುವು. ಇಬ್ಬರೂ ಸ್ಕೂಟಿ ಹತ್ತಿ ಹೊಲ, ಗುಡ್ಡ, ಹುಲ್ಲುಗಾವಲು ಸುತ್ತತೊಡಗಿದರು. ಮರವೆಂದರೆ ಒಂದು ಸಲ ಮುಖ ನೋಡಿದರೆ ಮುಗಿಯುವ ನೆಂಟನಲ್ಲ ಎಂದು ಆಗ ತಿಳಿಯಿತು. ದೀಪಾವಳಿಯಲ್ಲಿ ಗುರುತು ಹಿಡಿದ ಮುತ್ತುಗ ಚಳಿ ಮುಗಿಯುವಾಗ ಎಲೆ ಕಳಚಿ, ನೀವ್ಯಾರೋ ನಾನ್ಯಾರೋ ಎಂಬಂತೆ ನಿಂತಿತ್ತು. ಶಿವರಾತ್ರಿ ಹೊತ್ತಿಗೆ ನೋಡಿದರೆ ಮೈಯೆಲ್ಲ ಕೆಂಡದಂಥ ಹೂ! ಕಮರ ಮರದ ಎಲೆ ಮೇಕೆಯ ಗೊರಸಿನ ಹಾಗೆ ಜೋಡಿ ಜೋಡಿ ಎಂದು ಕಂಡ ದಿನ ಫರ್ಜಾನಾ ನಡುರಸ್ತೆಯಲ್ಲೇ ಚಪ್ಪಾಳೆ ಹೊಡೆದಳು.

ಅದೇ ಬದುವಿನ ಜಾಲಿ ಗುಂಪಿನ ನಡುವೆ, ಮೇಕೆ ಮೇದು ಮೊಟಕಾದ ಒಂದು ಸೊಟ್ಟ ಮರವಿತ್ತು. ಚಳಿಗಾಲದಲ್ಲಿ ಸುತ್ತಲ ಜಾಲಿ ಹಸಿರಾಗಿದ್ದರೂ ಅದೊಂದೇ ಬೋಳಾಯಿತು. ಇದು ಬನ್ನಿಯೇನೋ ಎಂದು ಗಂಗಾಂಬಿಕಮ್ಮನಿಗೆ ಅನುಮಾನ ಹುಟ್ಟಿತು. ಆದರೆ ಒಮ್ಮೆ ನಗೆಪಾಟಲಾದವರು, ಬಾಯಿ ಬಿಡಲಿಲ್ಲ.

ಯುಗಾದಿ ಕಳೆದ ಮೇಲೊಂದು ಬೆಳಗ್ಗೆ ಕಲ್ಲೇಶಪ್ಪ ಬದುವಿನ ಜಾಲಿ ಕೀಳಿಸಲು ಜೆಸಿಬಿ ಕರೆಸಿದ್ದಾರೆಂದು ಗೊತ್ತಾಯಿತು. ಒಲೆಯ ಮೇಲಿನ ಉಪ್ಪಿಟ್ಟು ಒಲೆಯ ಮೇಲೇ ಉಳಿಯಿತು. "ಫರ್ಜಾನಾ, ಹತ್ತೇ ಗಾಡಿ!"

ಇವರು ಮುಟ್ಟುವಾಗ ಅರ್ಧ ಬದು ಬಯಲಾಗಿತ್ತು. ಸೊಟ್ಟ ಮರದ ಮುಂದೆ ಜೆಸಿಬಿ ಸೊಂಡಿಲೆತ್ತಿ ನಿಂತಿತ್ತು.

"ನಿಲ್ಲಿಸಪ್ಪೋ! ಅದು ಬನ್ನಿ!"

"ಆಹಾ, ಬಂದಳಪ್ಪ ಬನ್ನಿ ಮಹಾಂಕಾಳಿ!" ಕಲ್ಲೇಶಪ್ಪ ಡ್ರೈವರಿನತ್ತ ತಿರುಗಿದರು. "ಹೋದ ಚಳಿಗಾಲದಾಗೇ ಸತ್ತಿರೋ ಮರ ಅದು, ಎತ್ತಪ್ಪ ನೀನು."

"ಸತ್ತಿರೋ ಮರ ಈ ಬಿಸಿಲಾಗೆ ಚಿಗುರ್ತೈತಾ? ಕಣ್ಣು ಬಿಟ್ಟು ನೋಡ್ರಿ!"

ನಿಜ. ನೆಲ ಬಾಣಲೆಯಂತೆ ಕಾದಿದ್ದರೂ ಕೊಂಬೆಯ ತುಂಬ ಎಳೆ ಹಸಿರು. ಡ್ರೈವರ್ ಎಂಜಿನ್ ಆರಿಸಿದ. ಗಂಗಾಂಬಿಕಮ್ಮ ಸೆರಗು ಸಿಕ್ಕಿಸಿ ಮರದ ರೆಂಬೆಗಳ ಒಳಗೆ ನುಗ್ಗಿದರು.

"ಅಕ್ಕಾ, ಮುಳ್ಳು ನೋಡಿ, ಮುಳ್ಳು!" ಹೊರಗಿನಿಂದ ಫರ್ಜಾನಾ ಕೂಗಿದಳು. "ಎಲೆ ಹುಟ್ಟೋ ಗಿಣ್ಣಲ್ಲೇ ಇದ್ರೆ ಜಾಲಿ, ನಮ್ಮ ಕಥೆ ಖತಂ!"

ಕಲ್ಲೇಶಪ್ಪನವರೂ ಕತ್ತು ಚಾಚಿದರು.

"ಗಿಣ್ಣಲ್ಲಿ ಒಂದೂ ಇಲ್ಲ ಕಣೇ!" ಕೂಗು ಆಚೆ ಹೊಲಕ್ಕೂ ಕೇಳುವಂತಿತ್ತು. "ಎಲೆಗೂ ಎಲೆಗೂ ನಡುವೆ, ಎಲ್ಲಂದ್ರಲ್ಲಿ ಚೆದರೈತೆ! ಪುಟ್ಟ ಪುಟ್ಟ ಮುಳ್ಳು! ಬನ್ನಿ, ಫರ್ಜಾನಾ, ಬನ್ನೀನೇ!"

ಫರ್ಜಾನಾ ನಿಂತಲ್ಲೇ ಕುಣಿದಳು. ಕಲ್ಲೇಶಪ್ಪ ತಾವೇ ಒಂದು ರೆಂಬೆ ಬಗ್ಗಿಸಿ, ಕನ್ನಡಕ ಏರಿಸಿ, ಮುಳ್ಳಿನ ಮೇಲೆ ಬೆರಳಾಡಿಸಿದರು. ಮತ್ತೊಂದು ರೆಂಬೆಯನ್ನೂ ನೋಡಿದರು. ಆಮೇಲೆ ಡ್ರೈವರಿಗೆ ಆಚೆಯಿಂದ ಬಳಸಿಕೊಂಡು ಹೋಗೆಂದು ಕೈ ಮಾಡಿ, ಮೆಲ್ಲಗೆ ಚಪ್ಪಲಿ ಕಳಚಿ, ಕೈ ಮುಗಿಯಲು ಒಂದು ಹೆಜ್ಜೆ ಮುಂದಿಟ್ಟರು.

"ಅಯ್ಯಯ್ಯಪ್ಪೋ!"

ಗಂಗಾಂಬಿಕಮ್ಮ ಗಂಡನ ಪಾದ ಹಿಡಿದು ಮುಳ್ಳು ಕಿತ್ತು, ಬಿಸಿಲಿಗೆ ಹಿಡಿದು ನೋಡಿದರು.

"ಉದ್ದಕೈತೆ ನೋಡ್ರಿ. ಇದು ಜಾಲಿ."